ಇಟಾಲಿಯನ್ನಿನ ‘ಫ್ವೋಕೊ’, ಲ್ಯಾಟಿನ್ನಿನ ‘ಫೊಕುಸ್’: ಒಲೆಯ ಹೆಸರು ಬೆಂಕಿಗೆ ಬಂದದ್ದು ಹೇಗೆ?

ಪದಜಿಜ್ಞಾಸು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಇಟಾಲಿಯನ್ ಕಲಿಯುತ್ತಿದ್ದೇನೆ, ಅದರ ಜೊತೆಗೆ ಲ್ಯಾಟಿನ್ನಿನ ಆರಂಭಿಕ ಪಾಠಗಳನ್ನೂ ಓದುತ್ತಿದ್ದೇನೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವಾಗ ಒಂದು ಪದ ನನ್ನನ್ನು ಬಹಳ ಕಾಡಿದೆ. ಇಟಾಲಿಯನ್ನಿನಲ್ಲಿ ಬೆಂಕಿಗೆ ‘ಫ್ವೋಕೊ’ ಎನ್ನುತ್ತಾರೆ. ಲ್ಯಾಟಿನ್ ಪಾಠಗಳಲ್ಲಿ ಬೆಂಕಿಗೆ ಕೊಟ್ಟಿರುವ ಪದ ‘ಇಗ್ನಿಸ್’. ಇವೆರಡಕ್ಕೂ ಯಾವ ಸಂಬಂಧವೂ ಕಾಣಿಸಲಿಲ್ಲವಾದ್ದರಿಂದ ನಿಘಂಟನ್ನು ತೆರೆದೆ. ಅಲ್ಲಿ ‘ಫ್ವೋಕೊ’ ಪದದ ಮೂಲ ಲ್ಯಾಟಿನ್ನಿನ ‘ಫೊಕುಸ್’ ಎಂದೂ ಆ ಪದದ ಅರ್ಥ ಬೆಂಕಿಯಲ್ಲ, ಮನೆಯೊಳಗೆ ಬೆಂಕಿ ಉರಿಸುವ ಜಾಗ, ಅಂದರೆ ಒಲೆ ಅಥವಾ ಅಗ್ಗಿಷ್ಟಿಕೆ ಎಂದೂ ಇತ್ತು.

ಅದೇ ನಮೂದಿನಲ್ಲಿ ಇನ್ನೂ ಕೆಳಗೆ, ಗಣಿತದಲ್ಲಿ ದೀರ್ಘವೃತ್ತದ ನಾಭಿಗೂ ಮಸೂರದ ಸಂಗಮಬಿಂದುವಿಗೂ ಇಟಾಲಿಯನ್ನಿನಲ್ಲಿ ಇದೇ ‘ಫ್ವೋಕೊ’ ಬಳಕೆಯಾಗುತ್ತದೆ ಎಂದು ಬರೆದಿದೆ. ಒಲೆಯ ಹೆಸರು ಬೆಂಕಿಗೆ ಬಂದದ್ದಕ್ಕೆ ಏನೋ ಒಂದು ದಾರಿಯನ್ನು ಊಹಿಸಿಕೊಳ್ಳಬಹುದು, ಆದರೆ ನಾಭಿಯವರೆಗೆ ಅದು ತಲುಪಿದ್ದು ಹೇಗೆ? ‘ಇಗ್ನಿಸ್’ನಂತಹ ಮೂಲಭೂತ ಪದವೊಂದು ಒಂದು ಭಾಷೆಯ ಬಾಯಿಂದ ಪೂರ್ತಿಯಾಗಿ ಮರೆಯಾಗುವುದು ಸಾಧ್ಯವೇ? ಬಲ್ಲವರು ಸ್ವಲ್ಪ ವಿವರವಾಗಿಯೇ ತಿಳಿಸಿದರೆ ಉಪಕಾರವಾಗುತ್ತದೆ.

ಲ್ಯಾಟಿನ್ ಓದುಗ

ಮೊದಲು ಹಳೆಯ ಲ್ಯಾಟಿನ್ನಿನಲ್ಲಿ ‘ಫೊಕುಸ್’ ಎಂದರೆ ನಿಜಕ್ಕೂ ಏನಿತ್ತು ಎಂಬುದನ್ನು ಗಟ್ಟಿ ಮಾಡಿಕೊಳ್ಳೋಣ, ಏಕೆಂದರೆ ಉಳಿದ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಕ್ರಿ.ಪೂ. 2ನೆಯ ಶತಮಾನದ ಆರಂಭದವರೆಗೆ ಬದುಕಿದ್ದ ನಾಟಕಕಾರ ಪ್ಲೌತುಸನ ‘ಔಲುಲಾರಿಯಾ’ ನಾಟಕದ ಪೀಠಿಕೆಯಲ್ಲಿ ಮನೆಯ ದೇವತೆಯಾದ ಲಾರ್ ಬಂದು, ಆ ಮನೆಯ ಅಜ್ಜ ತನ್ನ ಚಿನ್ನವನ್ನು ಯಾರಿಗೂ ತಿಳಿಯದಂತೆ ‘ಫೊಕುಸ್’ನ ನಡುವೆ ಹೂತಿಟ್ಟ ಎಂದು ಹೇಳುತ್ತಾನೆ. ಬೆಂಕಿಯಲ್ಲಿ ಏನನ್ನೂ ಹೂಳಲಾಗುವುದಿಲ್ಲ. ಅಗೆದು, ಹೂತು, ಮತ್ತೆ ಮುಚ್ಚಿಬಿಡಬಹುದಾದ ನೆಲವೊಂದು ಅಲ್ಲಿರಲೇಬೇಕು. ಆದ್ದರಿಂದ ಆ ಕಾಲದ ಕೇಳುಗನಿಗೆ ‘ಫೊಕುಸ್’ ಎಂದರೆ ಒಂದು ಸ್ಥಳ, ಅಲ್ಲಿ ಉರಿಯುವುದು ‘ಇಗ್ನಿಸ್’.

ಆ ಸ್ಥಳಕ್ಕೆ ಅಡುಗೆಯ ಉಪಯೋಗಕ್ಕಿಂತ ಬಹಳ ಹೆಚ್ಚಿನ ಗೌರವವಿತ್ತು. ಮನೆಯನ್ನು ಕಾಯುವ ಲಾರ್ ದೇವತೆಗಳ ಪೂಜೆ ನಡೆಯುತ್ತಿದ್ದದ್ದು ಅದರ ಬಳಿಯೇ. ‘ಪ್ರೊ ಆರೀಸ್ ಎತ್ ಫೊಕೀಸ್’ ಎಂಬ ನುಡಿಗಟ್ಟನ್ನು ನೀವು ಮುಂದೆ ಖಂಡಿತ ಎದುರಾಗುವಿರಿ. ಬಲಿಪೀಠಗಳಿಗಾಗಿ ಮತ್ತು ಒಲೆಗಳಿಗಾಗಿ ಹೋರಾಡುವುದು ಎಂಬುದು ಅದರ ಅಕ್ಷರಶಃ ಅರ್ಥ. ದೇವರು ಮತ್ತು ಮನೆ, ಈ ಎರಡೂ ಅದರಲ್ಲಿ ಅಡಗಿವೆ. ಅಲ್ಲಿ ‘ಬೆಂಕಿಗಳಿಗಾಗಿ’ ಎಂದು ಓದಿಕೊಂಡರೆ ನುಡಿಗಟ್ಟಿನ ಜೀವವೇ ಹೋಗಿಬಿಡುತ್ತದೆ.

ಇನ್ನು ಅರ್ಥ ಬದಲಾದ ಬಗೆ. ಒಲೆಗೆ ಕಟ್ಟಿಗೆ ಹಾಕು, ಒಲೆ ಆರಿದೆ, ಒಲೆ ಹೊತ್ತಿಸು ಎಂಬಂತಹ ಮಾತುಗಳಲ್ಲಿ ಹೇಳುವವನ ಮನಸ್ಸಿನಲ್ಲಿರುವುದು ಜಾಗವೋ ಅದರೊಳಗಿನ ಉರಿಯೋ ಎಂದು ಬೇರ್ಪಡಿಸುವುದು ಕಷ್ಟ. ಇಂತಹ ಮಾತುಗಳು ತಲೆಮಾರುಗಳ ಕಾಲ ದಿನವೂ ನಡೆದಾಗ, ಮಾತು ಕಲಿಯುವ ಮಗು ಪಾತ್ರದ ಹೆಸರನ್ನು ಅದರೊಳಗಿರುವುದರ ಹೆಸರೆಂದೇ ಗ್ರಹಿಸಬಹುದು. ಆಡುಮಾತಿನ ಲ್ಯಾಟಿನ್ನಿನಲ್ಲಿ ಆಗಿದ್ದು ಇದೇ. ಮೊದಲು ಒಲೆಯ ಬೆಂಕಿಗೆ ಮಾತ್ರ ‘ಫೊಕುಸ್’ ಎಂದಿದ್ದು, ಆಮೇಲೆ ಒಲೆಯ ಹೊರಗೆ, ಕಾಡಿನಲ್ಲಿ, ಯುದ್ಧದಲ್ಲಿ ಉರಿಯುವ ಬೆಂಕಿಗೂ ಅದೇ ಹೆಸರಾಯಿತು.

ಈ ಬದಲಾವಣೆ ಇಟಲಿಗೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಸ್ಪ್ಯಾನಿಷ್‌ನ ‘ಫುಯೇಗೊ’, ಪೋರ್ಚುಗೀಸಿನ ‘ಫೋಗು’, ಫ್ರೆಂಚಿನ ‘ಫ’, ಕತಲಾನ್‌ ಹಾಗೂ ರುಮೇನಿಯನ್ ಭಾಷೆಗಳ ‘ಫೋಕ್’, ಎಲ್ಲವೂ ಬೆಂಕಿಯ ಅರ್ಥದಲ್ಲೇ ಇವೆ, ಎಲ್ಲವೂ ‘ಫೊಕುಸ್’ನ ಸಂತತಿಯೇ. ಸಾಮ್ರಾಜ್ಯದ ಪಶ್ಚಿಮದ ಅಂಚಿನ ಪೋರ್ಚುಗಲ್ಲಿನಲ್ಲೂ ಪೂರ್ವದ ರುಮೇನಿಯಾದಲ್ಲೂ ಒಂದೇ ಪದ ಇಗ್ನಿಸ್‌ನ ಸ್ಥಾನಕ್ಕೆ ಬಂದಿದೆಯೆಂದರೆ, ಆ ಬದಲಾವಣೆಯ ಬೀಜ ಈ ಭಾಷೆಗಳು ಬೇರೆಬೇರೆಯಾಗುವ ಮೊದಲೇ ಜನರ ಲ್ಯಾಟಿನ್ನಿನಲ್ಲಿ ಬಿದ್ದಿತ್ತೆಂದೇ ತಿಳಿಯಬೇಕಾಗುತ್ತದೆ.

ಮೂಲಭೂತ ಪದ ಮರೆಯಾಗಬಹುದೇ ಎಂದು ಕೇಳಿದ್ದೀರಿ. ಲ್ಯಾಟಿನ್ನಿನಿಂದ ಇಟಾಲಿಯನ್ನಿನತ್ತ ಬರುವ ದಾರಿಯಲ್ಲಿ ಇದು ಅಪರೂಪವೇ ಅಲ್ಲ. ಕುದುರೆಗಿದ್ದ ‘ಎಕ್ವುಸ್’ ಹೋಗಿ, ಸಾಮಾನ್ಯ ದುಡಿಮೆಯ ಕುದುರೆಯನ್ನು ಸೂಚಿಸುತ್ತಿದ್ದ ‘ಕಬಲ್ಲುಸ್’ನಿಂದ ‘ಕವಾಲ್ಲೊ’ ಬಂತು. ಬಾಯಿಗಿದ್ದ ‘ಓಸ್’ ಹೋಗಿ, ಕೆನ್ನೆಯ ಹೆಸರಾದ ‘ಬುಕ್ಕಾ’ದಿಂದ ‘ಬೋಕ್ಕಾ’ ಬಂತು. ಮಡಕೆಗೆ ಹೇಳುತ್ತಿದ್ದ ‘ತೆಸ್ತಾ’ ಇಂದು ತಲೆಯ ಹೆಸರು. ಗುಡಿಸಲಿನ ‘ಕಾಸಾ’ ಮನೆಯಾಯಿತು, ಮನೆಯ ‘ದೊಮುಸ್’ ನಗರದ ಪ್ರಧಾನ ಚರ್ಚಿಗೆ ಹೇಳುವ ‘ದ್ವೋಮೊ’ ಆಗಿ ಉಳಿಯಿತು. ಸಾಹಿತ್ಯದ ಗಂಭೀರ ಪದವನ್ನು ಬಿಟ್ಟು ಮನೆ, ಹೊಲ, ಲಾಯಗಳಲ್ಲಿ ಓಡಾಡುತ್ತಿದ್ದ ಪದವನ್ನು ಹಿಡಿಯುವುದು ಜನರ ಲ್ಯಾಟಿನ್ನಿನ ಉದ್ದಕ್ಕೂ ಕಾಣುವ ಒಲವು.

ಧ್ವನಿಸೂತ್ರ

ಮೇಲಿನ ಉತ್ತರ ಅರ್ಥದ ಭಾಗವನ್ನು ಚೆನ್ನಾಗಿ ಹೇಳಿದೆ. ರೂಪದ ಬಗ್ಗೆ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಏಕೆಂದರೆ ‘ಫೊಕುಸ್’ ‘ಫ್ವೋಕೊ’ ಆದದ್ದು ಇಟಾಲಿಯನ್ನಿನ ಅತ್ಯಂತ ಅಚ್ಚುಕಟ್ಟಾದ ಧ್ವನಿನಿಯಮಗಳಲ್ಲಿ ಒಂದಕ್ಕೆ ನಿದರ್ಶನ.

ಲ್ಯಾಟಿನ್ ಪದದ ಮೊದಲ ಸ್ವರ ಹ್ರಸ್ವ ‘ಒ’. ಇಂಗ್ಲಿಷಿನ ಮೂಲಕ ನಮಗೆ ಬಂದ ‘ಫೋಕಸ್’ ಎಂಬ ಉಚ್ಚಾರಣೆಯಲ್ಲಿ ಅದು ದೀರ್ಘವಾಗಿದೆ, ಆದ್ದರಿಂದ ಲ್ಯಾಟಿನ್ ಓದುವಾಗ ಎಚ್ಚರ ಬೇಕು. ‘ಒ’ ಮತ್ತು ‘ಓ’ಗಳನ್ನು ಬೇರೆಬೇರೆ ಅಕ್ಷರಗಳಲ್ಲಿ ಬರೆಯುವ ನಮಗೆ ಈ ವ್ಯತ್ಯಾಸವನ್ನು ಹಿಡಿದಿಡುವುದು ಸುಲಭ. ಸ್ವರಾಘಾತ ಬೀಳುವ, ಸ್ವರದಲ್ಲಿ ಕೊನೆಗೊಳ್ಳುವ ಅಕ್ಷರದಲ್ಲಿ ಲ್ಯಾಟಿನ್ನಿನ ಹ್ರಸ್ವ ‘ಒ’ ಇದ್ದರೆ ಇಂದಿನ ಇಟಾಲಿಯನ್ನಿಗೆ ಅಡಿಪಾಯವಾದ ತಸ್ಕನಿ ಪ್ರಾಂತ್ಯದ ನುಡಿಯಲ್ಲಿ ಅದು ‘ವೋ’ ಎಂಬ ಸಂಧ್ಯಕ್ಷರವಾಗಿ, ಅಂದರೆ ಎರಡು ಸ್ವರಗಳು ಬೆಸೆದ ಧ್ವನಿಯಾಗಿ, ಒಡೆಯಿತು. ಬೊನುಸ್‌ನಿಂದ ‘ಬ್ವೋನೊ’, ನೊವುಸ್‌ನಿಂದ ‘ನ್ವೋವೊ’, ಲೊಕುಸ್‌ನಿಂದ ‘ಲ್ವೋಗೊ’, ಅದರಂತೆಯೇ ಫೊಕುಸ್‌ನಿಂದ ‘ಫ್ವೋಕೊ’. ಸ್ವರಾಘಾತ ಮುಂದಿನ ಅಕ್ಷರಕ್ಕೆ ಸರಿದರೆ ಈ ಒಡೆಯುವಿಕೆ ನಡೆಯುವುದಿಲ್ಲ. ಆದ್ದರಿಂದಲೇ ಒಲೆಗೆ ಹೇಳುವ ‘ಫೊಕೊಲಾರೆ’ಯಲ್ಲಿ, ರೊಟ್ಟಿಗೆ ಹೇಳುವ ‘ಫೊಕಾಚ್ಚಾ’ದಲ್ಲಿ ಬರಿಯ ‘ಒ’ ಉಳಿದಿದೆ. ನೋಡಲು ದೂರವಾಗಿ ಕಾಣುವ ಈ ಪದಗಳೆಲ್ಲ ಒಂದೇ ಕುಟುಂಬದವು ಎಂದು ಗುರುತಿಸಲು ಈ ಒಂದು ನಿಯಮ ಸಾಕು.

ಇಲ್ಲಿ ಒಂದು ಸಣ್ಣ ತೊಡಕೂ ಇದೆ. ‘ಲೊಕುಸ್’ ಮತ್ತು ‘ಫೊಕುಸ್’ ಪೂರ್ತಿ ಒಂದೇ ಮಾದರಿಯ ಪದಗಳಾಗಿದ್ದರೂ ಮೊದಲನೆಯದರ ‘ಕ’ಕಾರ ‘ಗ’ಕಾರವಾಗಿದೆ, ಎರಡನೆಯದು ಹಾಗೆಯೇ ಉಳಿದಿದೆ. ಸ್ಪ್ಯಾನಿಷ್‌ನಲ್ಲೂ ಪೋರ್ಚುಗೀಸಿನಲ್ಲೂ ಸ್ವರಗಳ ನಡುವಿನ ‘ಕ’ ನಿಯಮಿತವಾಗಿ ‘ಗ’ ಆಗುತ್ತದೆ, ಫ್ರೆಂಚಿನಲ್ಲಿ ಈ ಪದದ ‘ಕ’ ಸವೆದು ಮಾಯವೇ ಆಗಿದೆ. ತಸ್ಕನಿಯ ನುಡಿಯಲ್ಲಿ ಮಾತ್ರ ಕೆಲವು ಪದಗಳಲ್ಲಿ ಘೋಷವಾಗಿ, ಇನ್ನು ಕೆಲವು ಪದಗಳಲ್ಲಿ ಅಘೋಷವಾಗಿಯೇ ನಿಂತಿದೆ. ಸರೋವರದ ‘ಲಾಗೊ’ ಒಂದು ಕಡೆ, ಗೆಳೆಯನ ‘ಅಮೀಕೊ’ ಇನ್ನೊಂದು ಕಡೆ.

ಹಳೆಯ ಕಾವ್ಯದಲ್ಲಿ ಸಂಧ್ಯಕ್ಷರವಿಲ್ಲದ ‘ಫೋಕೊ’ ಎಂಬ ರೂಪ ಧಾರಾಳವಾಗಿ ಸಿಗುತ್ತದೆ. 13ನೆಯ ಶತಮಾನದಲ್ಲಿ ಅಸ್ಸೀಸಿಯ ಸಂತ ಫ್ರಾನ್ಸಿಸ್ ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ನುಡಿಯಲ್ಲಿ ರಚಿಸಿದ ಸ್ತುತಿಗೀತೆಯಲ್ಲಿ ಬೆಂಕಿಯನ್ನು ‘ಫ್ರಾತೆ ಫೋಕು’, ಅಂದರೆ ಅಣ್ಣ ಬೆಂಕಿ, ಎಂದು ಕರೆದು, ಅದು ರಾತ್ರಿಯನ್ನು ಬೆಳಗುತ್ತದೆ ಎನ್ನುತ್ತಾರೆ. ರಾತ್ರಿಯನ್ನು ಬೆಳಗುವ ಆ ‘ಫೋಕು’ ಒಲೆಯಾಗಿರಲಾರದು. ಸೂರ್ಯ, ಚಂದ್ರ, ಗಾಳಿ, ನೀರುಗಳ ಸಾಲಿನಲ್ಲಿ ನಿಂತಿರುವ ಅದು ಬೆಂಕಿಯೆಂಬ ಮೂಲವಸ್ತುವೇ. ಅರ್ಥಾಂತರ ಅಷ್ಟು ಹೊತ್ತಿಗೆ ಸಂಪೂರ್ಣವಾಗಿ ಮುಗಿದಿತ್ತು ಎಂಬುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಪದಜಿಜ್ಞಾಸು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಓದುತ್ತಾ ಹೋದಂತೆ ಇನ್ನೂ ಎರಡು ಸಂದೇಹಗಳು ಹುಟ್ಟಿವೆ. ಮೊದಲನೆಯದಾಗಿ, ದಾಂತೆಯ ಮಹಾಕಾವ್ಯದಲ್ಲಿ ಬೆಂಕಿಗೆ ‘ಇನ್ಯೆ’ ಎಂಬ ಪದ ಕಂಡುಬರುತ್ತದೆ, ಅದು ‘ಇಗ್ನಿಸ್’ನಿಂದಲೇ ಬಂದದ್ದು ಎಂಬುದು ಸ್ಪಷ್ಟ. ಹಾಗಿದ್ದರೆ ಆ ಪದ ಇಟಲಿಯಲ್ಲಿ 14ನೆಯ ಶತಮಾನದವರೆಗಾದರೂ ಬದುಕಿತ್ತು ಎನ್ನಬಹುದಲ್ಲವೇ? ಎರಡನೆಯದಾಗಿ, ರೋಮನ್ ಕವಿ ಒವಿದನು ‘ಫೊಕುಸ್’ ಎಂಬ ಹೆಸರು ಎಲ್ಲವನ್ನೂ ಬೆಚ್ಚಗಿಡುವ ಕಾರಣದಿಂದ, ಅಂದರೆ ‘ಫೊವೇರೆ’ ಎಂಬ ಕ್ರಿಯಾಪದದಿಂದ ಬಂತೆಂದು ಹೇಳಿದ್ದಾನಂತೆ. ಇದು ಸರಿಯೇ? ‘ಇಗ್ನಿಸ್’ ನಮ್ಮ ‘ಅಗ್ನಿ’ಯ ಬಂಧುವಾದರೆ ‘ಫೊಕುಸ್’ಗೂ ಸಂಸ್ಕೃತದಲ್ಲಿ ಯಾವುದಾದರೂ ಬಂಧು ಇರಬೇಕಲ್ಲ ಎಂಬ ಆಸೆಯಿಂದ ಕೇಳುತ್ತಿದ್ದೇನೆ.

ಧ್ವನಿಸೂತ್ರ

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ಧ್ವನಿಗಳಲ್ಲಿಯೇ ಇದೆ.

‘ಇನ್ಯೆ’ಯನ್ನು ಮೊದಲು ನೋಡೋಣ. ಲ್ಯಾಟಿನ್ನಿನ ಹ್ರಸ್ವ ‘ಇ’ ಸ್ವರಾಘಾತವಿದ್ದಲ್ಲಿ ಜನರ ಬಾಯಲ್ಲಿ ‘ಎ’ ಆಯಿತು. ಗುರುತಿನ ‘ಸಿಗ್ನುಮ್’ ‘ಸೆನ್ಯೊ’ ಆಗಿದೆ, ಕಟ್ಟಿಗೆಯ ‘ಲಿಗ್ನುಮ್’ ‘ಲೆನ್ಯೊ’ ಆಗಿದೆ, ಯೋಗ್ಯ ಎಂಬರ್ಥದ ‘ದಿಗ್ನುಸ್’ ‘ದೆನ್ಯೊ’ ಆಗಿದೆ. ಮೂರರಲ್ಲೂ ‘ಇಗ್ನ್’ ಎಂಬ ಭಾಗ ಒಂದೇ ಸಮನೆ ‘ಎನ್ಯ್’ ಆಗಿರುವುದನ್ನು ಗಮನಿಸಿ. ‘ಇಗ್ನಿಸ್’ ಜನರ ಬಾಯಿಂದ ಬಾಯಿಗೆ ಮುರಿಯದೆ ಹರಿದು ಬಂದಿದ್ದರೆ ತಸ್ಕನಿಯಲ್ಲಿ ಅದು ‘ಎನ್ಯೆ’ ಎಂದು ಕೇಳಿಸಬೇಕಾಗಿತ್ತು. ದಾಂತೆಯ ರೂಪದಲ್ಲಿ ‘ಇ’ ಹಾಗೆಯೇ ಇದೆ. ಎಂದರೆ ಅದು ಪುಸ್ತಕದಿಂದ ಎತ್ತಿಕೊಂಡ ಪದ, ಕವಿ ತನ್ನ ಲ್ಯಾಟಿನ್ ಪಾಂಡಿತ್ಯದಿಂದ ತಂದದ್ದು. ಆ ಮಹಾಕಾವ್ಯದ ಭಾಗಗಳಾದ ಪುರ್ಗತೋರಿಯೊದ 29ನೆಯ ಸರ್ಗ ಮತ್ತು ಪಾರಾದಿಸೊದ 28ನೆಯ ಸರ್ಗಗಳನ್ನು ತೆರೆದು ನೋಡಿದರೆ, ಎರಡು ಕಡೆಯೂ ಆ ಪದ ಸಾಲಿನ ಕೊನೆಯಲ್ಲಿದ್ದು ‘ದಿಪಿನ್ಯೆ’ ಎಂಬ ಪದದೊಂದಿಗೆ ಪ್ರಾಸ ಕೂಡಿಸುತ್ತದೆ. ಎಝೆಕಿಯೇಲ್ ಪ್ರವಾದಿಯ ದರ್ಶನ ಒಂದು ಕಡೆ, ದೇವರನ್ನು ಸೂಚಿಸುವ ಬಿಂದುವಿನ ಸುತ್ತ ತಿರುಗುವ ಬೆಂಕಿಯ ವಲಯ ಇನ್ನೊಂದು ಕಡೆ. ವಿಷಯ ಅಷ್ಟು ಎತ್ತರದಲ್ಲಿದ್ದಾಗ ಲ್ಯಾಟಿನ್ನಿನ ಘನತೆಯ ಪದ ಅಲ್ಲಿಗೆ ಒಪ್ಪುತ್ತದೆ, ಪ್ರಾಸಕ್ಕೂ ಒದಗುತ್ತದೆ. ಉಳಿದಂತೆ ಅದೇ ಕಾವ್ಯದಲ್ಲಿ ಬೆಂಕಿ ಸಾಮಾನ್ಯವಾಗಿ ‘ಫೋಕೊ’ ಅಥವಾ ‘ಫ್ವೋಕೊ’. ಇಂದಿನ ಇಟಾಲಿಯನ್ನಿನಲ್ಲಿ ‘ಇಗ್ನಿಸ್’ನ ನೆರಳು ‘ಇನ್ಯೆಒ’, ‘ಇನ್ಯೀಫುಗೊ’ ಮುಂತಾದ ಪಾರಿಭಾಷಿಕ ಪದಗಳಲ್ಲಿ ಮಾತ್ರ ಇದೆ. ಮೊದಲನೆಯದು ಬೆಂಕಿಗೆ ಸಂಬಂಧಿಸಿದ್ದು ಎಂಬ ಗ್ರಾಂಥಿಕ ವಿಶೇಷಣ, ಎರಡನೆಯದು ಬೆಂಕಿ ಹತ್ತದ ವಸ್ತುವಿಗೆ ಹೇಳುವಂಥದ್ದು. ಇವೂ ವಿದ್ವಾಂಸರು ಕಟ್ಟಿದ ಪದಗಳೇ.

‘ಅಗ್ನಿ’ ಮತ್ತು ‘ಇಗ್ನಿಸ್’ ಒಂದೇ ಮೂಲದವು ಎಂಬುದು ಸರಿ. ಲಿಥುವೇನಿಯನ್ನಿನ ‘ಉಗ್ನಿಸ್’, ರಷ್ಯನ್ನಿನ ‘ಅಗೋನ್’ ಕೂಡ ಅದೇ ಬಳಗ. ಆದರೆ ಈ ಭಾಷೆಗಳೆಲ್ಲ ಕವಲೊಡೆದು ಬಂದ ಇಂಡೋ-ಯುರೋಪಿಯನ್ ಮೂಲಭಾಷೆಯಲ್ಲಿ ಬೆಂಕಿಗೆ ಇನ್ನೊಂದು ಪದವೂ ಇತ್ತು. ಗ್ರೀಕಿನ ‘ಪೀರ್’, ಇಂದಿನ ಟರ್ಕಿಯ ನೆಲದ ಪ್ರಾಚೀನ ಭಾಷೆಯಾದ ಹಿತ್ತೈತಿನ ‘ಪಾಹ್ಹುರ್’, ಇಂಗ್ಲಿಷಿನ ‘ಫೈರ್’ ಅದರಿಂದ ಬಂದವು. ಇದರಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಸಂಗತಿಯೆಂದರೆ ಇಟಲಿಯ ನೆಲದಲ್ಲಿಯೇ ಎರಡೂ ಪದಗಳು ಇದ್ದವು. ಉಂಬ್ರಿಯಾದ ಗುಬ್ಬಿಯೊ ಪಟ್ಟಣದಲ್ಲಿ ಕಾಪಾಡಿಕೊಂಡು ಬಂದಿರುವ ಏಳು ಕಂಚಿನ ಫಲಕಗಳಲ್ಲಿ, ಲ್ಯಾಟಿನ್ನಿನ ಸೋದರಭಾಷೆಯಾದ ಪ್ರಾಚೀನ ಉಂಬ್ರಿಯನ್ನಿನ ಪೂಜಾವಿಧಿಗಳಿವೆ. ಅಲ್ಲಿ ಬೆಂಕಿಗೆ ‘ಪಿರ್’ ಎನ್ನಲಾಗಿದೆ. ಅದೇ ಉಂಬ್ರಿಯಾಕ್ಕೆ ಮುಂದೆ ರೋಮಿನ ಭಾಷೆ ಬಂತು, ‘ಪಿರ್’ ಹೋಯಿತು. ಸಂತ ಫ್ರಾನ್ಸಿಸರ ಕಾಲಕ್ಕೆ ಅಲ್ಲಿನವರ ಬೆಂಕಿ ‘ಪಿರ್’ ಅಲ್ಲ, ‘ಇಗ್ನಿಸ್’ ಕೂಡ ಅಲ್ಲ, ‘ಫೋಕು’.

ಇನ್ನು ಒವಿದನ ಮಾತು. ರೋಮನ್ ಹಬ್ಬಗಳ ಕುರಿತ ಕಾವ್ಯದಲ್ಲಿ ಅವನು ಹಾಗೆ ಹೇಳಿರುವುದು ನಿಜ. ರೋಮನ್ ವಿದ್ವಾಂಸ ವಾರ್ರೊ ಕೂಡ ಅದೇ ಅಭಿಪ್ರಾಯ ಹೊಂದಿದ್ದನೆಂದು 636ರಲ್ಲಿ ತೀರಿಕೊಂಡ, ಸ್ಪೇನಿನ ಸೆವಿಲ್ಲೆಯ ಬಿಷಪ್ ಇಸಿದೋರ ತಿಳಿಸುತ್ತಾನೆ. ಒಲೆ ಬೆಂಕಿಯನ್ನು ಪೋಷಿಸುತ್ತದೆ, ಆದ್ದರಿಂದ ಅದು ‘ಫೊಕುಸ್’ ಎಂಬ ವಿವರಣೆ ಕಿವಿಗೆ ಇಂಪಾಗಿದೆ. ಆದರೆ ಧ್ವನಿನಿಯಮ ಇದನ್ನು ಒಪ್ಪುವುದಿಲ್ಲ. ಅದು ಹೇಗೆಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಆಸೆಪಟ್ಟ ಸಂಸ್ಕೃತದ ಬಂಧು ಇಲ್ಲಿಯೇ ಸಿಗುತ್ತದೆ, ಆದರೆ ಅದು ‘ಫೊಕುಸ್’ನ ಬಂಧುವಲ್ಲ.

‘ಫೊವೇರೆ’ ಎಂದರೆ ಬೆಚ್ಚಗಿಡು, ಪೋಷಿಸು. ಇದರ ಬೇರು ಸಂಸ್ಕೃತದ ‘ದಹ್’ ಧಾತುವಿನ ಬೇರೇ ಆಗಿದೆ. ಮೂಲಭಾಷೆಯ ‘ಧ’ಕಾರ ಲ್ಯಾಟಿನ್ ಪದದ ಆರಂಭದಲ್ಲಿ ‘ಫ’ ಆಗುತ್ತದೆ. ಸಂಸ್ಕೃತದ ‘ಧೂಮ’ಕ್ಕೆ ಎದುರಾಗಿ ಲ್ಯಾಟಿನ್ನಿನಲ್ಲಿ ‘ಫೂಮುಸ್’, ಇಟಾಲಿಯನ್ನಿನಲ್ಲಿ ‘ಫೂಮೊ’ ಇರುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ‘ದಹ್’ ಧಾತುವಿನ ಆರಂಭದಲ್ಲಿಯೂ ಮೊದಲು ‘ಧ’ಕಾರವೇ ಇತ್ತು, ಒಂದೇ ಧಾತುವಿನಲ್ಲಿ ಎರಡು ಮಹಾಪ್ರಾಣಗಳು ನಿಲ್ಲದ ಕಾರಣ ಸಂಸ್ಕೃತದಲ್ಲಿ ಅದು ‘ದ’ಕಾರವಾಯಿತು. ಧಾತುವಿನ ಕೊನೆಯಲ್ಲಿದ್ದದ್ದು ತುಟಿಯನ್ನು ದುಂಡಗಾಗಿಸಿ ನುಡಿಯುವ ಒಂದು ಬಗೆಯ ‘ಘ’ಕಾರ. ಎರಡು ಸ್ವರಗಳ ನಡುವೆ ಸಿಕ್ಕಾಗ ಅದು ಲ್ಯಾಟಿನ್ನಿನಲ್ಲಿ ‘ವ’ ಆಗುತ್ತದೆ. ‘ಲಘು’ ಪದಕ್ಕೆ ಎದುರಾಗಿ ಲ್ಯಾಟಿನ್ನಿನಲ್ಲಿ ‘ಲೆವಿಸ್’ ಇರುವಂತೆ, ‘ದಹ್’ಗೆ ಎದುರಾಗಿ ‘ಫೊವೇರೆ’ ಇದೆ. ಆ ಸ್ಥಾನದಲ್ಲಿ ‘ಕ’ಕಾರ ಬರಲು ದಾರಿಯೇ ಇಲ್ಲ. ‘ಫೊಕುಸ್’ನಲ್ಲಿರುವುದು ‘ಕ’ಕಾರ. ಹೀಗಾಗಿ ದಹನಕ್ಕೂ ‘ಫೊವೇರೆ’ಗೂ ಇರುವ ನಂಟು ಗಟ್ಟಿಯಾದದ್ದು, ‘ಫೊವೇರೆ’ಗೂ ‘ಫೊಕುಸ್’ಗೂ ಇದೆಯೆನ್ನಲಾದ ನಂಟು ನಿಲ್ಲುವುದಿಲ್ಲ. ‘ಫೊಕುಸ್’ಗೆ ಸರ್ವಸಮ್ಮತವಾದ ಇಂಡೋ-ಯುರೋಪಿಯನ್ ಮೂಲವನ್ನು ಇದುವರೆಗೆ ಯಾರೂ ಸ್ಥಾಪಿಸಿಲ್ಲ. ಲ್ಯಾಟಿನ್ನಿನ ಗಡಿಯಲ್ಲಿ ಅದರ ಜಾಡು ನಿಂತುಬಿಡುತ್ತದೆ.

ಶಂಕುಚ್ಛೇದ

ನಾಭಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇಲ್ಲಿ ಪದದ ಹುಟ್ಟಿಗೆ ವ್ಯಕ್ತಿ, ವರ್ಷ, ಪುಸ್ತಕ ಮೂರೂ ಖಚಿತವಾಗಿ ಸಿಗುತ್ತವೆ, ಪದಗಳ ಚರಿತ್ರೆಯಲ್ಲಿ ಇಂತಹ ಭಾಗ್ಯ ಅಪರೂಪ.

ಖಗೋಳಜ್ಞ ಯೊಹಾನ್ನೆಸ್ ಕೆಪ್ಲರ್ 1604ರಲ್ಲಿ ಬೆಳಕಿನ ವಿಜ್ಞಾನದ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. 13ನೆಯ ಶತಮಾನದ ವಿತೆಲೊ ಎಂಬ ವಿದ್ವಾಂಸನ ಕೃತಿಗೆ ಪೂರಕ ಎಂಬ ವಿನಯದ ಶೀರ್ಷಿಕೆ ಅದಕ್ಕಿದ್ದರೂ ಆಧುನಿಕ ದೃಗ್ವಿಜ್ಞಾನದ ಅಡಿಗಲ್ಲುಗಳಲ್ಲಿ ಅದು ಒಂದು. ಅದರ ನಾಲ್ಕನೆಯ ಅಧ್ಯಾಯದಲ್ಲಿ ಅವನು ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯಗಳನ್ನು ಒಂದೇ ಕುಟುಂಬದ ಆಕೃತಿಗಳಾಗಿ ನೋಡುತ್ತಾನೆ. ಇವುಗಳಿಗೆ ಅಕ್ಷದ ಮೇಲೆ ಕೆಲವು ವಿಶೇಷ ಬಿಂದುಗಳಿವೆ, ಅವುಗಳಿಗೆ ಹೆಸರಿಲ್ಲ, ಬೆಳಕಿನ ನಿಮಿತ್ತ ಮತ್ತು ಯಂತ್ರಶಾಸ್ತ್ರದತ್ತ ದೃಷ್ಟಿಯಿಟ್ಟು ನಾವು ಅವನ್ನು ‘ಫೊಕುಸ್’ ಎಂದು ಕರೆಯುತ್ತೇವೆ ಎಂದು ಅವನು ಬರೆಯುತ್ತಾನೆ. ಕೇಂದ್ರ ಎಂದೇ ಕರೆಯಬಹುದಿತ್ತು, ಆದರೆ ದೀರ್ಘವೃತ್ತ ಮತ್ತು ಅತಿಪರವಲಯಗಳಲ್ಲಿ ಆ ಹೆಸರನ್ನು ಹಿಂದಿನ ಲೇಖಕರು ಬೇರೊಂದು ಬಿಂದುವಿಗೆ ಕೊಟ್ಟಿದ್ದಾರೆ ಎಂದೂ ಕಾರಣ ಹೇಳುತ್ತಾನೆ.

ಬೆಳಕಿನ ನಿಮಿತ್ತ ಎಂಬ ಮಾತು ಇಲ್ಲಿ ಕೀಲಿಕೈ. ಪರವಲಯದ ಆಕಾರದ ದರ್ಪಣವನ್ನು ಸೂರ್ಯನಿಗೆ ಎದುರಾಗಿ ಹಿಡಿದರೆ ಸಮಾಂತರವಾಗಿ ಬರುವ ಕಿರಣಗಳೆಲ್ಲ ಪ್ರತಿಫಲಿಸಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ಅಲ್ಲಿ ಒಣಗಿದ ವಸ್ತುವನ್ನಿಟ್ಟರೆ ಹೊತ್ತಿಕೊಳ್ಳುತ್ತದೆ. ಪ್ರಾಚೀನ ಗ್ರೀಕರ ಕಾಲದಿಂದಲೂ ಗಣಿತಜ್ಞರು ಇಂತಹ ಸುಡುವ ದರ್ಪಣಗಳ ಬಗ್ಗೆ ಬರೆಯುತ್ತಲೇ ಬಂದಿದ್ದರು. ಉರಿ ಹುಟ್ಟುವ ಆ ಜಾಗಕ್ಕೆ ಉರಿಯ ಜಾಗದ ಹೆಸರನ್ನೇ ಕೆಪ್ಲರ್ ಕೊಟ್ಟ. ಪರವಲಯಕ್ಕೆ ಎರಡನೆಯ ನಾಭಿಯೂ ಇದೆ, ಅದು ಅನಂತ ದೂರದಲ್ಲಿದೆ ಎಂದು ಭಾವಿಸಿ, ಅದನ್ನು ‘ಕುರುಡು ಫೊಕುಸ್’ ಎಂದು ಅವನು ಕರೆದಿರುವುದು ನನಗಂತೂ ಬಹಳ ಪ್ರಿಯವಾದ ಸಂಗತಿ. ಐದು ವರ್ಷಗಳ ನಂತರ, 1609ರಲ್ಲಿ, ಮಂಗಳ ಗ್ರಹದ ಕಕ್ಷೆ ದೀರ್ಘವೃತ್ತವೆಂದೂ ಸೂರ್ಯ ಅದರ ಒಂದು ನಾಭಿಯಲ್ಲಿದೆಯೆಂದೂ ಅವನೇ ತೋರಿಸಿದ. ಸೌರವ್ಯೂಹದ ಅತಿ ದೊಡ್ಡ ಬೆಂಕಿ ಹೀಗೆ ‘ಫೊಕುಸ್’ನಲ್ಲಿ ಕುಳಿತಿತು.

ಇಟಾಲಿಯನ್ ಗಣಿತಜ್ಞರಿಗೆ ಈ ಲ್ಯಾಟಿನ್ ಪಾರಿಭಾಷಿಕ ಪದವನ್ನು ಎರವಲು ಪಡೆಯುವ ಅಗತ್ಯ ಬೀಳಲಿಲ್ಲ, ಅದರ ಮಗಳಾದ ‘ಫ್ವೋಕೊ’ ಅವರ ಮನೆಯಲ್ಲಿಯೇ ಇದ್ದಳು. ಹೀಗಾಗಿ ದೀರ್ಘವೃತ್ತದ ಎರಡು ನಾಭಿಗಳನ್ನು ಅವರು ‘ಫ್ವೋಕಿ’, ಅಂದರೆ ಬೆಂಕಿಗಳು, ಎಂದೇ ಕರೆಯುತ್ತಾರೆ. ಕ್ಯಾಮೆರಾದಲ್ಲಿ ಚಿತ್ರ ಸ್ಪಷ್ಟವಾಗುವಂತೆ ಹೊಂದಿಸುವುದಕ್ಕೆ ‘ಮೆತ್ತೆರೆ ಆ ಫ್ವೋಕೊ’ ಎನ್ನುತ್ತಾರೆ. ಕಲಿಯುವವರು ಇದನ್ನು ‘ದಾರೆ ಫ್ವೋಕೊ’ ಎಂಬುದರೊಂದಿಗೆ ಬೆರೆಸಬಾರದು, ಅದರ ಅರ್ಥ ಬೆಂಕಿ ಹಚ್ಚುವುದು.

ಲ್ಯಾಟಿನ್ ಓದುಗ

ಶಂಕುಚ್ಛೇದ ಅವರ ವಿವರಣೆ ಬಹಳ ಸೊಗಸಾಗಿದೆ. ಒಂದು ಅಂಶವನ್ನು ಮಾತ್ರ ಒತ್ತಿ ಹೇಳಬೇಕೆನಿಸುತ್ತದೆ. ಕೆಪ್ಲರನ ಪದವನ್ನು ಬೆಂಕಿ ಎಂದು ಅನುವಾದಿಸುವವರು ಹಲವರಿದ್ದಾರೆ. ಅವನು ಬರೆಯುತ್ತಿದ್ದದ್ದು ವಿದ್ವಾಂಸರ ಲ್ಯಾಟಿನ್ನಿನಲ್ಲಿ, ಆ ಲ್ಯಾಟಿನ್ನಿನಲ್ಲಿ ‘ಇಗ್ನಿಸ್’ ಆರೋಗ್ಯವಾಗಿಯೇ ಇತ್ತು. ಬೆಂಕಿ ಎನ್ನಲು ಬಯಸಿದ್ದರೆ ಅದನ್ನೇ ಬಳಸಬಹುದಿತ್ತು. ಬಿಂದುವೆಂದರೆ ಒಂದು ಸ್ಥಾನ, ಆದ್ದರಿಂದ ಸ್ಥಾನವಾಚಿಯಾದ ‘ಫೊಕುಸ್’ ಅಲ್ಲಿಗೆ ಹೆಚ್ಚು ಸಮಂಜಸ ಎಂಬುದು ನನ್ನ ಅಭಿಪ್ರಾಯ. ಹಾಗೆ ನೋಡಿದರೆ ಗಣಿತದ ‘ಫ್ವೋಕೊ’ ತನ್ನ ಇಟಾಲಿಯನ್ ಅರ್ಥಕ್ಕಿಂತ ಪ್ಲೌತುಸನ ಅರ್ಥಕ್ಕೇ ಹತ್ತಿರವಾಗಿದೆ.

ಹಳೆಯ ಕಡತ

ಇಟಲಿಯ ಹಳೆಯ ಕಂದಾಯ ದಾಖಲೆಗಳನ್ನು ಓದುವವರಿಗೆ ‘ಫ್ವೋಕೊ’ ಇನ್ನೊಂದು ಅರ್ಥದಲ್ಲಿ ಪರಿಚಿತ, ಅದು ಈ ಚರ್ಚೆಗೆ ಸೇರಬೇಕು. ಮಧ್ಯಯುಗದಿಂದ ಮುಂದೆ ಬಹುಕಾಲ ಇಟಲಿಯ ಅನೇಕ ರಾಜ್ಯಗಳಲ್ಲಿ ಜನರನ್ನು ತಲೆಯ ಲೆಕ್ಕದಲ್ಲಿ ಎಣಿಸದೆ ಒಲೆಯ ಲೆಕ್ಕದಲ್ಲಿ ಎಣಿಸುತ್ತಿದ್ದರು. ಒಂದು ಒಲೆಯ ಸುತ್ತ ಬದುಕುವವರೆಲ್ಲ ಸೇರಿ ಒಂದು ‘ಫ್ವೋಕೊ’, ಅಂದರೆ ಒಂದು ಕುಟುಂಬ. ಅದರ ಮೇಲೆ ಹಾಕುವ ತೆರಿಗೆ ‘ಫೊಕಾತಿಕೊ’. ನೇಪಲ್ಸ್ ರಾಜ್ಯದಲ್ಲಿ ಅರಗಾನಿನ ಅಲ್ಫೊನ್ಸೊ 1443ರಲ್ಲಿ ಈ ತೆರಿಗೆಯನ್ನು ಹೊಸ ವ್ಯವಸ್ಥೆಯಾಗಿ ತಂದ, ಅದಕ್ಕಾಗಿ ಅಲ್ಲಿ ನಡೆಯುತ್ತಿದ್ದ ಗಣತಿಯನ್ನು ‘ಒಲೆಗಳ ಎಣಿಕೆ’ ಎಂದೇ ಕರೆಯುತ್ತಿದ್ದರು. ಒಂದು ಊರಿನಲ್ಲಿ 200 ‘ಫ್ವೋಕಿ’ ಇವೆ ಎಂದು ದಾಖಲೆಯಲ್ಲಿದ್ದರೆ 200 ಬೆಂಕಿಗಳೆಂದಾಗಲಿ 200 ಜನರೆಂದಾಗಲಿ ಓದಬಾರದು, 200 ಕುಟುಂಬಗಳೆಂದು ಓದಬೇಕು. ದಿನದ ಮಾತಿನಲ್ಲಿ ಈ ಪದ ಬೆಂಕಿಯಾಗಿ ಎಷ್ಟೋ ಶತಮಾನಗಳು ಕಳೆದ ಮೇಲೂ ಸರ್ಕಾರಿ ಬರಹದಲ್ಲಿ ಅದು ಒಲೆಯಾಗಿಯೇ, ಮನೆಯಾಗಿಯೇ ಮುಂದುವರಿದಿತ್ತು.

ಹಳೆಯ ಅರ್ಥ ಅಡಗಿ ಕುಳಿತಿರುವ ಇನ್ನೊಂದು ಪದ ‘ಫೊಕಾಚ್ಚಾ’. ಇಸಿದೋರನು ಬೂದಿಯಲ್ಲಿಟ್ಟು, ತಿರುವಿ ಹಾಕಿ ಬೇಯಿಸುವ ರೊಟ್ಟಿಯನ್ನು ಹೇಳಿ, ಅದಕ್ಕೇ ‘ಫೊಕಾಕಿಯುಸ್’ ಎಂದೂ ಹೆಸರು ಎನ್ನುತ್ತಾನೆ. ಒಲೆಯ ರೊಟ್ಟಿ ಎಂದೇ ಅದರ ತಾತ್ಪರ್ಯ. ಬೆಂಕಿಯ ಅರ್ಥದಿಂದ ಹುಟ್ಟಿದ ಪದಗಳ ದಾರಿಯೇ ಬೇರೆ. ಚಕಮಕಿ ಕಲ್ಲಿಗೆ ‘ಪ್ಯೇತ್ರಾ ಫೊಕಾಯಾ’ ಎನ್ನುತ್ತಾರೆ. ಬಂದೂಕಿನ ಹೆಸರಾದ ‘ಫುಚೀಲೆ’ ಕೂಡ ಇದೇ ಬೇರಿನದು. ಮೊದಲು ಅದು ಕಲ್ಲಿಗೆ ಬಡಿದು ಕಿಡಿ ಹಾರಿಸುವ ಉಕ್ಕಿನ ತುಂಡಿನ ಹೆಸರಾಗಿತ್ತು, ಅಂಥದೇ ಕಿಡಿಯಿಂದ ಸಿಡಿಯುವ ಬಂದೂಕು ಬಂದಾಗ ಭಾಗದ ಹೆಸರು ಇಡೀ ಆಯುಧಕ್ಕೆ ಹತ್ತಿತು. ಸಂಗೀತಲಿಪಿಯ ಮೇಲೆ ‘ಕೊನ್ ಫ್ವೋಕೊ’ ಎಂದಿದ್ದರೆ ಆವೇಶದಿಂದ ನುಡಿಸಬೇಕೆಂದು ಅರ್ಥ.

ಪದಜಿಜ್ಞಾಸು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ನಾನು ಋಣಿ. ಕೊನೆಯದಾಗಿ ಒಂದೇ ಪ್ರಶ್ನೆ. ಇತ್ತೀಚಿನ ಇಟಾಲಿಯನ್ ಪತ್ರಿಕೆಗಳಲ್ಲಿ ‘ಫೋಕುಸ್’ ಎಂಬ ಪದವನ್ನೇ ಹಾಗೆಯೇ ಬಳಸಿರುವುದನ್ನು ನೋಡಿದ್ದೇನೆ. ಇದು ಲ್ಯಾಟಿನ್ನಿನ ಪುನರಾಗಮನವೇ?

ಧ್ವನಿಸೂತ್ರ

ರೂಪ ಲ್ಯಾಟಿನ್ನಿನದು, ಬಳಕೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಕೆಪ್ಲರನ ಪಾರಿಭಾಷಿಕ ಪದ ಇಂಗ್ಲಿಷಿಗೆ ಹೋಗಿ, ಅಲ್ಲಿ ಗಮನವನ್ನು ಒಂದೆಡೆ ಕೇಂದ್ರೀಕರಿಸುವುದು ಎಂಬ ಅರ್ಥವನ್ನೂ ಪಡೆದು, ಆ ಅರ್ಥದೊಂದಿಗೆ ಇಟಲಿಗೆ ಮರಳಿದೆ. ಇದಲ್ಲದೆ ರಂಗಮಂದಿರದ ಪ್ರವೇಶಾಂಗಣಕ್ಕೆ ಇಟಾಲಿಯನ್ನರು ಬಳಸುವ ‘ಫ್ವಾಯೇ’ ಫ್ರೆಂಚಿನಿಂದ ಬಂದದ್ದು, ಅದರ ಮೂಲ ‘ಫೊಕುಸ್’ನಿಂದಲೇ ಹುಟ್ಟಿದ ‘ಫೊಕಾರಿಯುಮ್’. ಹೀಗಾಗಿ ಇಂದಿನ ಇಟಾಲಿಯನ್ ನಿಘಂಟಿನಲ್ಲಿ ಒಂದೇ ಲ್ಯಾಟಿನ್ ಪದ ಜನರ ಬಾಯಿಯ ಮೂಲಕ ‘ಫ್ವೋಕೊ’ ಆಗಿ, ಫ್ರೆಂಚಿನ ಮೂಲಕ ‘ಫ್ವಾಯೇ’ ಆಗಿ, ಇಂಗ್ಲಿಷಿನ ಮೂಲಕ ‘ಫೋಕುಸ್’ ಆಗಿ ಮೂರು ಕಡೆ ನಮೂದಾಗಿದೆ. ಮೂರರಲ್ಲಿ ಧ್ವನಿನಿಯಮಗಳಿಗೆ ಒಳಗಾಗಿ ಇಟಲಿಯಲ್ಲೇ ಬೆಳೆದದ್ದು ಮೊದಲನೆಯದು ಮಾತ್ರ.